ನೀರಡಿಕೆಗೆ ಬಿಸಿಲೊಂದೇ ಕಾರಣವಲ್ಲ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಏಪ್ರಿಲ್‌ನಲ್ಲಿ ನೀರಡಿಕೆ ಹೆಚ್ಚಾಯಿತೆಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಿಸಿಲಿನ ಮೇಲೆ ಹಾಕಿಬಿಡುತ್ತಾರೆ. ನಿಪ್ಪಾಣಿಯಲ್ಲಾದರೆ ತಂಬಾಕು ಜಗಿದು ಬಾಯಿ ಒಣಗಿದೆ ಎಂದೂ ಹೇಳಬಹುದು. ಈ ಸುಲಭದ ಸಮಾಧಾನದ ಮರೆಯಲ್ಲಿ ಸಕ್ಕರೆ ಕಾಯಿಲೆ ತಿಂಗಳುಗಟ್ಟಲೆ ಅಡಗಿರಬಲ್ಲದು. ಗುಟ್ಟು ಬಿಟ್ಟುಕೊಡುವುದು ಮೂತ್ರ. ಬೆವರಿ ಬತ್ತಿದ ದೇಹ ಉಳಿದ ನೀರನ್ನು ಬಿಗಿಹಿಡಿಯುತ್ತದೆ: ಮೂತ್ರ ಕಡಿಮೆ, ಬಣ್ಣ ಗಾಢ ಹಳದಿ, ನೀರು ಕುಡಿದು ನೆರಳಿಗೆ ಕೂತರೆ ದಾಹ ಇಳಿಯುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಇದೆಲ್ಲ ತಿರುವುಮುರುವು. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರಪಿಂಡಗಳು ಅದನ್ನು ಪೂರ್ತಿ ಮರಳಿ ಹೀರಲಾರವು. ಮೂತ್ರಕ್ಕಿಳಿದ ಸಕ್ಕರೆ ನೀರನ್ನೂ ಎಳೆದೊಯ್ಯುತ್ತದೆ. ರಾತ್ರಿ ಮತ್ತೆ ಮತ್ತೆ ಏಳಬೇಕು, ಎದ್ದಾಗಲೆಲ್ಲ ತಂಬಿಗೆ ನೀರು ಬೇಕು. ಆ ದಾಹಕ್ಕೆಂದು ಕಬ್ಬಿನ ಹಾಲು ಕುಡಿದರಂತೂ ಸಕ್ಕರೆ ಇನ್ನೂ ಏರಿ ನೀರಡಿಕೆ ಹೆಚ್ಚುತ್ತದೆ.

ಹೊಲದಲ್ಲಿ ದುಡಿಯುವವರಿಗೆ ಈ ಕಾಯಿಲೆ ಎಲ್ಲಿ ಬರುತ್ತದೆ ಎಂಬ ಮಾತಿದೆ. ದುಡಿಮೆ ಅಪಾಯ ತಗ್ಗಿಸುತ್ತದೆ, ಸುಳ್ಳಲ್ಲ. ಆದರೆ ವಂಶ, ವಯಸ್ಸು, ಹೊಟ್ಟೆಯ ಬೊಜ್ಜು ಊರು ನೋಡಿ ಬರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನ 2023ರಲ್ಲಿ ಪ್ರಕಟವಾದಾಗ, ದೇಶದ ಹಳ್ಳಿಗಳ ವಯಸ್ಕರಲ್ಲೂ ಶೇ. 8.9ರಷ್ಟು ಮಂದಿಗೆ ಮಧುಮೇಹವಿರುವುದು ಕಂಡಿತು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಎಷ್ಟೋ ಮಧುಮೇಹಿಗಳಿಗೆ ನೀರಡಿಕೆಯೇ ಇರುವುದಿಲ್ಲವಲ್ಲ? ಹೌದು. ಆದ್ದರಿಂದಲೇ 30 ದಾಟಿದವರು ಲಕ್ಷಣಕ್ಕೆ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವ ಉಚಿತ ತಪಾಸಣೆ ಮಾಡಿಸಬೇಕು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಮರುಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ನೀರಡಿಕೆ, ಅತಿಮೂತ್ರದ ಜೊತೆ ಯಾವ ಹೊತ್ತಿನಲ್ಲಾದರೂ 200 ಮುಟ್ಟಿದ್ದರೆ ಅನುಮಾನವೇ ಉಳಿಯದು.

ಸಕ್ಕರೆ ಸರಿಯಿದ್ದೂ ದಾಹ ತೀರದಿದ್ದರೆ ಹುಡುಕಾಟ ಅಲ್ಲಿಗೇ ನಿಲ್ಲಬಾರದು. ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆ, ರಕ್ತದಲ್ಲಿ ಕ್ಯಾಲ್ಸಿಯಂ ಏರಿಕೆ, ಮೂತ್ರಪಿಂಡದ ತೊಂದರೆ ಕಾರಣವಿರಬಹುದು. ಅಪರೂಪಕ್ಕೆ, ದೇಹದ ನೀರು ಉಳಿಸುವ ವ್ಯಾಸೊಪ್ರೆಸಿನ್ ಹಾರ್ಮೋನಿನ ಕೊರತೆಯೂ ಇರುತ್ತದೆ. ಅಂಥವರಿಗೆ ದಿನಕ್ಕೆ 3 ಲೀಟರಿಗೂ ಮೀರಿ ತಿಳಿಯಾದ ಮೂತ್ರ ಹೋಗುತ್ತದೆ. ಹೆಚ್ಚು ಕುಡಿದದ್ದಕ್ಕೇ ಹೀಗಾಯಿತೆಂದು ಅವರ ನೀರು ಕಡಿಮೆ ಮಾಡಿಸುವುದು ಅಪಾಯ. ಎಲ್ಲಕ್ಕಿಂತ ಅವಸರವಿರುವುದು ಮಕ್ಕಳ ವಿಷಯದಲ್ಲಿ: ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡಿ, ನೀರು ನೀರು ಎನ್ನುತ್ತ ಸೊರಗುತ್ತಿದ್ದರೆ ಅಂದೇ ಸಕ್ಕರೆ ಪರೀಕ್ಷೆ ಮಾಡಿಸಿ. ವಾಂತಿ, ಏದುಸಿರು ಸೇರಿದರೆ ಬೆಳಗಿನವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.