ಹೊಸ ಪೆಟ್ಟಿಗೆ, ಹಳೆಯ ಬೇನೆ

ಬಂಡಿಯಲ್ಲಿ ಏಳು ಮಂದಿ ಕುಳಿತಿದ್ದಾರೆ. ಹಿಂದುಗಡೆ ಅವರ ಗಂಟುಮೂಟೆಗಳನ್ನು ತುಂಬಿದೆ. ಹೆದ್ದಾರಿಯಲ್ಲಿ ಸಲೀಸಾಗಿ ಓಡುತ್ತಿರುವಾಗ ಯಂತ್ರದೊಳಗೆ ಏನೋ ಮುರಿದು, ಮುಂದಿನ ಗಾಲಿಗಳೆರಡೂ ಒಮ್ಮೆಲೇ ಕಚ್ಚಿಕೊಂಡು ನಿಂತರೆ ಏನಾದೀತೆಂಬುದನ್ನು ವಾಚಕರು ಊಹಿಸಬಲ್ಲರು. 2004ರ ಏಪ್ರಿಲ್ ತಿಂಗಳಲ್ಲಿ ಹೋಂಡಾ ಕಂಪೆನಿಯು ಅಮೆರಿಕದಲ್ಲಿ ಸುಮಾರು 11 ಲಕ್ಷ ವಾಹನಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸಿಕೊಂಡುದು ಈ ಭಯದಿಂದಲೇ. ಅವುಗಳಲ್ಲಿ 2002ರಿಂದ 2004ರ ವರೆಗಿನ ಮಾದರಿಯ ‘ಒಡಿಸ್ಸಿ’ ಮಿನಿವ್ಯಾನುಗಳೂ ಸೇರಿದ್ದುವು. ಕೆಟ್ಟಿದ್ದುದು ಗೇರುಪೆಟ್ಟಿಗೆ.

ಸೋಜಿಗವೆಂದರೆ ಇದು ಮೊದಲನೆಯ ಸಲವಾಗಿರಲಿಲ್ಲ. 1999ರಿಂದ 2001ರ ವರೆಗಿನ ಒಡಿಸ್ಸಿಗಳಲ್ಲಿದ್ದ ನಾಲ್ಕು ಗೇರುಗಳ ಪೆಟ್ಟಿಗೆಯೂ ಅಕಾಲದಲ್ಲಿ ಕೆಡುತ್ತಿದ್ದುದರಿಂದ, 2002ರಲ್ಲಿ ಕಂಪೆನಿಯು ಅದರ ವಾರಂಟಿಯನ್ನು 7 ವರ್ಷ ಅಥವಾ ಒಂದು ಲಕ್ಷ ಮೈಲಿ, ಎಂದರೆ ಸುಮಾರು 1,60,000 ಕಿಲೋಮೀಟರುಗಳ ವರೆಗೆ ವಿಸ್ತರಿಸಬೇಕಾಗಿ ಬಂದಿತ್ತು. 2002ರ ಮಾದರಿಯಲ್ಲಿ ಐದು ಗೇರುಗಳ ಹೊಸ ಪೆಟ್ಟಿಗೆ ಬಂದಿತು. ಬೇನೆಯೂ ಹೊಸ ರೂಪದಲ್ಲಿ ಹಿಂದೆಯೇ ಬಂದಿತು. ಕೆಟ್ಟ ಭಾಗವನ್ನು ತೆಗೆದು ಹೊಸದನ್ನು ಕೂಡಿಸಿದ ಮೇಲೂ ಯಂತ್ರವು ಮತ್ತೆ ಕೆಡುವುದೇಕೆ? ಒಡೆದ ಹಲ್ಲುಗಾಲಿಯನ್ನು ನೋಡಿದ ಮಾತ್ರಕ್ಕೆ ಇದರ ಉತ್ತರ ದೊರೆಯದು. ಅದರ ಮೇಲೆ ಹರಿಯುವ ಎಣ್ಣೆಯ ಕಡೆಗೂ ಕಣ್ಣು ಹಾಯಿಸಬೇಕು.

ಮಿನಿವ್ಯಾನು ಎಂಬುದು ಕಾರಿನ ಚೌಕಟ್ಟಿನ ಮೇಲೆ ಕಟ್ಟಿದ ಸಣ್ಣ ಬಸ್ಸು ಎಂದರೆ ತಪ್ಪಾಗದು. 1983ರ ಕೊನೆಯಲ್ಲಿ ಕ್ರೈಸ್ಲರ್ ಕಂಪೆನಿಯು ‘ಕ್ಯಾರವಾನ್’, ‘ವಾಯೇಜರ್’ ಎಂಬ ಹೆಸರುಗಳಿಂದ ಇದನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಕೆಳಮಟ್ಟದ ನೆಲ, ಪಕ್ಕಕ್ಕೆ ಜಾರುವ ಬಾಗಿಲು, ಮೂರು ಸಾಲು ಆಸನಗಳು—ಮಕ್ಕಳೊಂದಿಗರಿಗೆ ಇದಕ್ಕಿಂತ ಒಪ್ಪುವ ಬಂಡಿ ಮತ್ತೊಂದಿರಲಿಲ್ಲ. ಕನ್ನಡ ನಾಡಿನಿಂದ ಹೋಗಿ ಅಲ್ಲಿ ನೆಲಸಿದ ಕುಟುಂಬಗಳಿಗೂ, ಊರಿನಿಂದ ಅಪ್ಪ ಅಮ್ಮ ಬಂದಾಗ, ಇದರ ಬೆಲೆ ತಿಳಿಯುತ್ತದೆ. ಒಳಗೆ ಇಷ್ಟು ಜಾಗ ದೊರೆಯಬೇಕಾದರೆ ಎಂಜಿನನ್ನೂ ಗೇರುಪೆಟ್ಟಿಗೆಯನ್ನೂ ಮೂತಿಯೊಳಗೆ ಅಡ್ಡಡ್ಡಲಾಗಿ ಇರುಕಿಸಬೇಕು. ಒಡಿಸ್ಸಿಯ ತೂಕವೇ ಎರಡು ಟನ್ನಿಗೆ ಹತ್ತಿರ. ಅದರ ಮೇಲೆ ಏಳು ಜನರ ಭಾರ. ಶಾಲೆಯ ಬಾಗಿಲಿನಿಂದ ಅಂಗಡಿಯ ಬಾಗಿಲಿಗೆ ನಿಂತು ನಿಂತು ಓಡುವುದೇ ಇದರ ನಿತ್ಯಕರ್ಮ. ಇಷ್ಟೆಲ್ಲ ದುಡಿಮೆಯ ಬಿಸಿ ಆ ಇಕ್ಕಟ್ಟಾದ ಪೆಟ್ಟಿಗೆಯಲ್ಲಿಯೇ ಸೇರುತ್ತದೆ.

ಈ ಬಂಡಿಗಳಲ್ಲಿ ಗೇರು ತಾನಾಗಿಯೇ ಬದಲಾಗುತ್ತದೆ. ಪೆಟ್ಟಿಗೆಯೊಳಗೆ ತೆಳುವಾದ ಬಿಲ್ಲೆಗಳ ಅಡಕಗಳುಂಟು, ಅವೇ ಕ್ಲಚ್ಚುಗಳು. ಎಣ್ಣೆಯ ಒತ್ತಡವು ಒಂದು ಅಡಕವನ್ನು ಹಿಸುಕಿದಾಗ ಬಿಲ್ಲೆಗಳು ಒಂದನ್ನೊಂದು ಹಿಡಿದುಕೊಂಡು ಒಂದು ಗೇರು ಕೆಲಸಕ್ಕೆ ಬರುತ್ತದೆ. ಒತ್ತಡ ಬಿಟ್ಟಾಗ ಅದು ವಿರಮಿಸಿ ಇನ್ನೊಂದು ಬರುತ್ತದೆ. ಎಂಜಿನಿನ ಬಲವನ್ನು ಪೆಟ್ಟಿಗೆಗೆ ಮುಟ್ಟಿಸುವುದು ಎಣ್ಣೆ. ಹಲ್ಲುಗಳ ನಡುವೆ ತೆಳುಪೊರೆಯಾಗಿ ನಿಂತು ಸವೆತವನ್ನು ತಡೆಯುವುದು ಎಣ್ಣೆ. ಬಿಸಿಯನ್ನು ಹೊತ್ತು ಹೊರಗಿನ ತಂಪುಗೊಳವೆಗೆ ಒಯ್ಯುವುದೂ ಎಣ್ಣೆಯೇ. ಇವುಗಳೊಡನೆ ಇನ್ನೊಂದು ವಿಚಿತ್ರವಾದ ಕರ್ತವ್ಯವೂ ಅದಕ್ಕುಂಟು: ಕ್ಲಚ್ಚಿನ ಬಿಲ್ಲೆಗಳು ಎಷ್ಟು ಬೇಕೋ ಅಷ್ಟೇ ಜಾರಿ, ಅನಂತರ ಮೆತ್ತಗೆ ಹಿಡಿಯುವಂತೆ ಮಾಡುವುದು. ಜಾರಿಸಲೂ ಬೇಕು, ಹಿಡಿಸಲೂ ಬೇಕು!

ಈ ಕೊನೆಯ ಕರ್ತವ್ಯದಲ್ಲಿಯೇ ಕ್ರೈಸ್ಲರ್ ಕಂಪೆನಿಯು ಎಡವಿತು. 1989ರಲ್ಲಿ ಅದು ‘ಅಲ್ಟ್ರಾಡ್ರೈವ್’ ಎಂಬ, ಎಲೆಕ್ಟ್ರಾನಿಕ್ ನಿಯಂತ್ರಣದ ಪೆಟ್ಟಿಗೆಯನ್ನು ಹೊರತಂದಿತು. ಅದಕ್ಕೆ ಕಂಪೆನಿಯದೇ ಆದ ವಿಶಿಷ್ಟ ಎಣ್ಣೆ ಬೇಕಾಗಿತ್ತು. ಆದರೆ ಪೇಟೆಯಲ್ಲಿ ಎಲ್ಲೆಲ್ಲಿಯೂ ದೊರೆಯುತ್ತಿದ್ದ ‘ಡೆಕ್ಸ್‌ರಾನ್’ ಎಣ್ಣೆಯನ್ನೂ ಹಾಕಬಹುದೆಂಬ ಸೂಚನೆ ಮಾಲೀಕರ ಕೈಸೇರಿತ್ತು. ಅವರು ಅದನ್ನೇ ಹಾಕಿದರು. ಹಾಕಿದ ಕೆಲಕಾಲಕ್ಕೆ ಬಂಡಿ ನಡುಗತೊಡಗುತ್ತಿತ್ತು.

ನಡುಗುವುದೇಕೆ? ಶಾಲೆಯ ಭಾರವಾದ ಬೆಂಚನ್ನು ನೆಲದ ಮೇಲೆ ಎಳೆದು ನೋಡಿರಿ. ಅದು ಒಂದೇ ಸಮನೆ ಸರಿಯುವುದಿಲ್ಲ. ತಡೆದು, ಜಿಗಿದು, ಮತ್ತೆ ತಡೆದು, ಕರಕರನೆ ಸದ್ದು ಮಾಡುತ್ತ ಬರುತ್ತದೆ. ನಿಂತಿರುವಾಗಿನ ಘರ್ಷಣೆ ಚಲಿಸುವಾಗಿನ ಘರ್ಷಣೆಗಿಂತ ಹೆಚ್ಚಾಗಿರುವುದೇ ಇದಕ್ಕೆ ಕಾರಣ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಇದೇ ಹಿಡಿತ-ಜಾರಿಕೆಗಳಿಂದ. ಸರಿಯಾದ ಎಣ್ಣೆಯಲ್ಲಿ ಬೆರೆಸಿದ ದ್ರವ್ಯಗಳು ಈ ವ್ಯತ್ಯಾಸವನ್ನು ಅಳಿಸಿ ಬಿಲ್ಲೆಗಳನ್ನು ನಯವಾಗಿ ಕೂಡಿಸುತ್ತವೆ. ಸಲ್ಲದ ಎಣ್ಣೆಯಲ್ಲಿ ಅವು ಬೆಂಚಿನಂತೆ ಜಿಗಿಜಿಗಿದು ಕಾದು ಸುಡುತ್ತವೆ. ಸುಟ್ಟ ಬಿಲ್ಲೆಗಳನ್ನು ಬದಲಿಸಿ ಮತ್ತೆ ಅದೇ ಎಣ್ಣೆಯನ್ನು ಹೊಯ್ದರೆ ಆಗುವುದೇನು? ದುರಸ್ತಿಯೇ ಮುಂದಿನ ಕೇಡಿಗೆ ಬೀಜವಾಗುತ್ತದೆ.

ಈ ಪೆಟ್ಟಿಗೆಗೆ ಇನ್ನೊಂದು ಗುಣವೂ ಇತ್ತು. ಒಳಗೆ ಏನೋ ತಪ್ಪಿದೆಯೆಂದು ಅದರ ಕಂಪ್ಯೂಟರಿಗೆ ತೋರಿದರೆ, ಹಾನಿ ಹೆಚ್ಚದಿರಲೆಂದು ಅದು ಎರಡನೆಯ ಗೇರಿನಲ್ಲಿಯೇ ನಿಂತುಬಿಡುತ್ತಿತ್ತು. ಕುಂಟುತ್ತ ಮನೆ ಸೇರಲು ಇಷ್ಟು ಸಾಕು. ಆದರೆ ಕೀಲಿಯನ್ನು ತಿರುಗಿಸಿ ಎಂಜಿನು ನಿಲ್ಲಿಸಿ ಮತ್ತೆ ಹೊರಡಿಸಿದರೆ, ಅನೇಕ ವೇಳೆ ಏನೂ ಆಗದ ಹಾಗೆ ಓಡುತ್ತಿತ್ತು. ವೈದ್ಯರ ಮನೆಯ ಹೊಸ್ತಿಲು ದಾಟಿದೊಡನೆ ಮಗುವಿನ ಜ್ವರ ಇಳಿಯುವುದಿಲ್ಲವೆ? ಹಾಗೆಯೇ ಇದು. ಕಾರ್ಖಾನೆಯವನು ಸುತ್ತುಹಾಕಿ ಬಂದು ‘ದೋಷ ಕಂಡುಬರಲಿಲ್ಲ’ ಎಂದು ಚೀಟಿ ಬರೆದರೆ ಅವನು ಸುಳ್ಳು ಹೇಳಿದಂತಾಗದು. ಮಾಲೀಕನ ದೂರೂ ಸುಳ್ಳಲ್ಲ.

ಇನ್ನು ಹೋಂಡಾ ಪೆಟ್ಟಿಗೆಯ ವಿಚಾರ. ಬಹುತೇಕ ಸ್ವಯಂಚಾಲಿತ ಪೆಟ್ಟಿಗೆಗಳಲ್ಲಿ ಒಂದು ನಡುಚಕ್ರದ ಸುತ್ತ ಪುಟ್ಟ ಚಕ್ರಗಳು ಗ್ರಹಗಳಂತೆ ಸುತ್ತುತ್ತವೆ. ಹೋಂಡಾದವರು ಈ ದಾರಿಯನ್ನು ಹಿಡಿಯದೆ, ಸಮಾಂತರವಾದ ದಂಡಗಳ ಮೇಲೆ ಜೋಡಿ ಜೋಡಿ ಹಲ್ಲುಗಾಲಿಗಳನ್ನು ಕೂಡಿಸಿದರು. 2004ರಲ್ಲಿ ತಪ್ಪಿತಸ್ಥವೆಂದು ಕಂಡುದು ಎರಡನೆಯ ಗೇರಿನ ಜೋಡಿ. ಕೆಲವು ಸಂದರ್ಭಗಳಲ್ಲಿ ಅಲ್ಲಿ ಬಿಸಿ ಶೇಖರವಾಗಿ, ಹಲ್ಲುಗಳು ಸಿಡಿದು, ಕಡೆಗೆ ಗಾಲಿಯೇ ಮುರಿದು ಪೆಟ್ಟಿಗೆಯು ಬಿಗಿದುಕೊಳ್ಳುವ ಸಂಭವವಿತ್ತು.

ಇದಕ್ಕೆ ಕಂಪೆನಿಯು ಹೂಡಿದ ಉಪಾಯ ವಿದ್ಯಾರ್ಥಿಗಳು ಗಮನಿಸತಕ್ಕದ್ದು. 15,000 ಮೈಲಿಗಿಂತ ಹೆಚ್ಚು ಓಡದ ಬಂಡಿಗಳಲ್ಲಿ, ತಂಪಾದ ಎಣ್ಣೆ ಹಿಂತಿರುಗುವ ಕೊಳವೆಯನ್ನು ಮಾರ್ಪಡಿಸಿ, ಎರಡನೆಯ ಗೇರಿನ ಮೇಲೆ ಹೆಚ್ಚು ಎಣ್ಣೆ ಬೀಳುವಂತೆ ಮಾಡಿದರು, ಅಷ್ಟೇ. ಅದಕ್ಕಿಂತ ಹೆಚ್ಚು ಓಡಿದವುಗಳಲ್ಲಿ ಮೊದಲು ಗೇರಿನ ಬಣ್ಣವನ್ನು ನೋಡಿದರು! ಬಣ್ಣ ಕೆಟ್ಟಿದ್ದರೆ ಇಡೀ ಪೆಟ್ಟಿಗೆಯನ್ನೇ ಬದಲಿಸುವುದು. ಕೆಡದಿದ್ದರೆ ಕೊಳವೆ ಮಾತ್ರ.

ಉಕ್ಕಿನ ಬಣ್ಣಕ್ಕೂ ಅದರ ಆರೋಗ್ಯಕ್ಕೂ ಏನು ಸಂಬಂಧ? ನಮ್ಮ ಹಳ್ಳಿಯ ಕಮ್ಮಾರನನ್ನು ಕೇಳಿದರೆ ಹೇಳಿಯಾನು. ಉಳಿಗೆ ಹದ ಕೊಡುವಾಗ ಅವನು ಉಜ್ಜಿ ಬೆಳಗಿದ ಉಕ್ಕನ್ನು ಬಿಸಿಮಾಡುತ್ತ ಬಣ್ಣಕ್ಕಾಗಿ ಕಾಯುತ್ತಾನೆ. ಸುಮಾರು 220 ಡಿಗ್ರಿ ಸೆಂಟಿಗ್ರೇಡಿಗೆ ಒಣಹುಲ್ಲಿನ ಹಳದಿ, ಇನ್ನೂ ಕಾದಂತೆ ಕಂದು, ಆಮೇಲೆ ನೇರಳೆ, 300ರ ಸುಮಾರಿಗೆ ನೀಲಿ. ಉಕ್ಕಿನ ಮೇಲೆ ಕಟ್ಟುವ ಆಕ್ಸೈಡಿನ ಪೊರೆ ದಪ್ಪವಾದಂತೆಲ್ಲ ಬೆಳಕು ಅದರಲ್ಲಿ ಬಗೆಬಗೆಯಾಗಿ ಪ್ರತಿಫಲಿಸುವುದರಿಂದ ಈ ಬಣ್ಣಗಳು ಮೂಡುತ್ತವೆ. ಮಳೆನೀರಿನ ಮೇಲೆ ಹರಡಿದ ಎಣ್ಣೆಯ ಕಾಮನಬಿಲ್ಲಿಗೂ ಪೊರೆಯ ಇಂಥ ಆಟವೇ ಕಾರಣ. ಗೇರಿನ ಹಲ್ಲಿನ ಮೈಯನ್ನು ಗಡುಸುಗೊಳಿಸಿ 150ರಿಂದ 200 ಡಿಗ್ರಿಯೊಳಗೆ ಹದಮಾಡುವುದು ವಾಡಿಕೆ. ಓಡುವಾಗ ಅದಕ್ಕಿಂತ ಹೆಚ್ಚು ಕಾದರೆ ಆ ಹದ ತಪ್ಪಿ ಹಲ್ಲು ಮೆದುವಾಗುತ್ತದೆ. ಕಮ್ಮಾರನಿಗೆ ಬಣ್ಣವು ‘ಸಾಕು’ ಎನ್ನುವ ಸಂಜ್ಞೆ. ಇಲ್ಲಿ ಅದು ‘ಮೀರಿತು’ ಎನ್ನುವ ಸಾಕ್ಷಿ. ಮೆದುವಾದ ಹಲ್ಲಿನ ಮೇಲೆ ಎಷ್ಟು ಎಣ್ಣೆ ಸುರಿದರೂ ಹೋದ ಗಡಸುತನ ಮರಳಿ ಬಾರದು.

ನನ್ನ ಮಟ್ಟಿಗೆ, ಮೊದಲು ಮಾಡಿದ ವಾರಂಟಿಯ ವಿಸ್ತರಣೆಗಿಂತ ಈ ಕೊಳವೆಯೇ ಹೆಚ್ಚಿನದು. ವಾರಂಟಿಯು ಖರ್ಚು ಯಾರದೆಂಬುದನ್ನು ಮಾತ್ರ ತೀರ್ಮಾನಿಸುತ್ತದೆ. ಬಿಸಿ ಅದನ್ನು ಓದುವುದಿಲ್ಲ.

ಹಾಗೆಂದು ಖರ್ಚಿನ ಪ್ರಶ್ನೆ ಸಣ್ಣದಲ್ಲ. ಸ್ವಯಂಚಾಲಿತ ಗೇರುಪೆಟ್ಟಿಗೆಯು ಇಡೀ ಬಂಡಿಯಲ್ಲಿ ಅತ್ಯಂತ ದುಬಾರಿಯಾದ ಭಾಗಗಳಲ್ಲೊಂದು. 1975ರಲ್ಲಿ ಅಮೆರಿಕವು ವಾರಂಟಿಗಳಿಗಾಗಿಯೇ ‘ಮ್ಯಾಗ್ನಸನ್–ಮಾಸ್’ ಎಂಬ ಕಾಯಿದೆಯನ್ನು ಮಾಡಿತು. ಪೂರ್ಣ ವಾರಂಟಿ ಕೊಟ್ಟ ತಯಾರಕನು ‘ನ್ಯಾಯವಾದಷ್ಟು ಸಲ’ ಯತ್ನಿಸಿಯೂ ದೋಷ ಹೋಗದಿದ್ದರೆ ವಸ್ತುವನ್ನು ಬದಲಿಸಬೇಕು, ಇಲ್ಲವೆ ಹಣ ಹಿಂತಿರುಗಿಸಬೇಕೆಂದು ಅದರ ಆಶಯ. ಆದರೆ ನ್ಯಾಯವಾದಷ್ಟು ಎಂದರೆ ಎಷ್ಟು? 1982ರಲ್ಲಿ ಕನೆಕ್ಟಿಕಟ್ ಸಂಸ್ಥಾನವು ಹೊಸ ಕಾರುಗಳ ಮಟ್ಟಿಗೆ ಇದಕ್ಕೆ ಲೆಕ್ಕ ಕಟ್ಟಿತು: ಒಂದೇ ದೋಷಕ್ಕೆ ನಾಲ್ಕು ಸಲ, ಅಥವಾ ಕಾರ್ಖಾನೆಯಲ್ಲಿ ಒಟ್ಟು 30 ದಿನ. ಮಿಕ್ಕ ಸಂಸ್ಥಾನಗಳೂ ಇದೇ ಜಾಡು ಹಿಡಿದುವು. ಇವನ್ನು ಅಲ್ಲಿಯ ಜನ ‘ನಿಂಬೆಹಣ್ಣಿನ ಕಾನೂನು’ ಎನ್ನುತ್ತಾರೆ. ನಾವು ಹೊಸ ಬಂಡಿಯ ಗಾಲಿಯಡಿಗೆ ನಿಂಬೆಹಣ್ಣಿಟ್ಟು ಹೊರಡುತ್ತೇವೆ. ಅವರಲ್ಲಿ ಕೆಟ್ಟ ಬಂಡಿಯೇ ನಿಂಬೆಹಣ್ಣು!

ನಮ್ಮ ದೇಶದಲ್ಲಿ ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಸರ್ಕಾರಕ್ಕೆ ಕೊಟ್ಟಿತು; ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದುವು.

ಕಾನೂನಿನ ಕಣ್ಣಿಗೆ ಹಲ್ಲಿನ ಬಣ್ಣ ಕಾಣದು; ಅದಕ್ಕೆ ಕಾಣುವುದು ಚೀಟಿಗಳ ಎಣಿಕೆ. ‘ದೋಷ ಕಂಡುಬರಲಿಲ್ಲ’ ಎಂಬ ಚೀಟಿಯೂ ಒಂದು ಎಣಿಕೆಯೇ ಎಂಬುದನ್ನು ತಿಳಿಯದೆ ಅದನ್ನು ಹರಿದೆಸೆಯುವವರುಂಟು. ಚೀಟಿಯಲ್ಲಿ ದಿನಾಂಕವೂ ಓಡಿದ ದೂರವೂ ಇರಬೇಕು. ಬಂಡಿ ನಡುಗಿದುದು ಯಾವ ವೇಗದಲ್ಲಿ, ಎಂಜಿನು ತಣ್ಣಗಿದ್ದಾಗಲೋ ಕಾದ ಮೇಲೋ, ಏರಿನಲ್ಲೋ ಸಮನೆಲದಲ್ಲೋ ಎಂಬುದನ್ನು ಮಾಲೀಕನ ಮಾತಿನಲ್ಲಿಯೇ ಬರೆಯಿಸಬೇಕು. ‘ಗೇರು ಸರಿಯಿಲ್ಲ’ ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯದು. ಹೊಸ ಪೆಟ್ಟಿಗೆ ಕೂಡಿಸಿದ ದಿನ ಅದರೊಳಗೆ ಹೊಯ್ದ ಎಣ್ಣೆಯ ಹೆಸರನ್ನೂ ಕೇಳಿ ಅದೇ ಚೀಟಿಯ ಕೆಳಗೆ ಬರೆಯಿಸಿಕೊಳ್ಳುವುದಕ್ಕೆ ಒಂದು ನಿಮಿಷ ಸಾಕು.