ಒಂದೇ ಮುಖದ ತಂದೆ-ಮಗ: ಬೆಳ್ಳಿತೆರೆಯ ಬಬ್ರುವಾಹನ

ಪುರಾಣಕಾವ್ಯವನ್ನು ಸಿನಿಮಾ ಮಾಡುವುದೆಂದರೆ ಕಥೆಯನ್ನು ಓಲೆಗರಿಯಿಂದ ತೆರೆಗೆ ಎತ್ತಿ ಇಡುವ ಕೆಲಸವಷ್ಟೇ ಅಲ್ಲ. ಕಾವ್ಯ ಎಬ್ಬಿಸಿದ ಪ್ರಶ್ನೆಗಳಲ್ಲಿ ಯಾವುದು ಉಳಿಯಬೇಕು, ಯಾವುದನ್ನು ಮುಚ್ಚಬೇಕು ಅನ್ನುವ ತೀರ್ಮಾನವೂ ಅಲ್ಲೇ ಆಗಿಬಿಡುತ್ತದೆ. ಕನ್ನಡದಲ್ಲಿ ಇದನ್ನು ಬಿಡಿಸಿ ನೋಡಲು 1977ರ ‘ಬಬ್ರುವಾಹನ’ ಸಾಕು.

ಕಥೆ ನಮ್ಮ ಜಿಲ್ಲೆಯದೇ ಅನ್ನಬಹುದು. ‘ಜೈಮಿನಿ ಭಾರತ’ದ ಲಕ್ಷ್ಮೀಶನ ಊರು ಕಡೂರು ತಾಲ್ಲೂಕಿನ ದೇವನೂರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕಾವ್ಯ ಓದದವರಿಗೂ ಯಕ್ಷಗಾನದ ‘ಬಬ್ರುವಾಹನ ಕಾಳಗ’ ಗೊತ್ತು. (ಊರಿನ ಹೆಸರನ್ನೇ ಋಷ್ಯಶೃಂಗನಿಗೆ ಜೋಡಿಸಿ ಹೇಳುವ ಸೀಮೆ ಇದು, ಇಲ್ಲಿ ಪುರಾಣ ಅಂದ್ರೆ ಬರೀ ಪುಸ್ತಕವಲ್ಲ.)

ಅಶ್ವಮೇಧದ ಕುದುರೆ ಮಣಿಪುರಕ್ಕೆ ಬರುತ್ತದೆ. ಅದರ ಹಿಂದೆ ಬಂದವನು ತನ್ನ ತಂದೆಯೆಂದು ತಿಳಿದ ಬಬ್ರುವಾಹನ ಕಾಣಿಕೆ ಹಿಡಿದು ಹೋಗುತ್ತಾನೆ. ವ್ಯಾಸಭಾರತದಲ್ಲಿ ಅರ್ಜುನ ಅವನನ್ನು ಹಳಿಯುವುದು ಕ್ಷತ್ರಿಯನಂತೆ ಕಾದಲಿಲ್ಲ ಅಂತ. ಜೈಮಿನಿಯ ದಾರಿಗೆ ಬಂದಾಗ ಬೈಗುಳ ನೇರವಾಗಿ ಹುಟ್ಟಿಗೇ ಇಳಿಯುತ್ತದೆ: ನೀನು ನನಗೆ ಹುಟ್ಟಿದವನೇ ಅಲ್ಲ. ಶೌರ್ಯದ ಮಾತಿನ ಹಿಂದೆ ಕೂತಿದ್ದ ಜಾತಿಯ ನಾಲಗೆ ಇಲ್ಲಿ ಹೊರಗೆ ಬರುತ್ತದೆ.

ತಾಳಮದ್ದಲೆಯಲ್ಲಿ ಈ ಜಾಗ ತೆರೆದೇ ಇರುತ್ತದೆ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ಮಾತನ್ನು ಅಲ್ಲಲ್ಲೇ ಕಟ್ಟಬೇಕು. ‘ಹುಟ್ಟಿಗೂ ಯೋಗ್ಯತೆಗೂ ಏನು ಸಂಬಂಧ?’ ಎಂದು ಸಮರ್ಥನಾದವನು ಅರ್ಧ ಗಂಟೆ ವಾದ ಹೂಡಬಲ್ಲ. ಎದುರಿನ ಅರ್ಜುನ ಉತ್ತರ ಕೊಡಲೇಬೇಕು. ಹಾಗೆ ವಾದಿಸುವ ಅವಕಾಶ ಯಾವ ಜಾತಿಯವರಿಗಿತ್ತು, ಕೇಳುವವರಲ್ಲಿ ಅಂಗಳದಾಚೆ ನಿಂತವರು ಯಾರು, ಅದು ಬೇರೆಯೇ ಲೇಖನ.

ಸಿನಿಮಾದಲ್ಲಿ ಮಾತು ಒಮ್ಮೆ ಅಚ್ಚಾದರೆ ಮುಗಿಯಿತು. ಹುಣಸೂರು ಕೃಷ್ಣಮೂರ್ತಿಯವರ ಚಿತ್ರದಲ್ಲಿ ಅರ್ಜುನ, ಬಬ್ರುವಾಹನ ಇಬ್ಬರೂ ರಾಜ್‌ಕುಮಾರ್. ಚಿತ್ರಾಂಗದೆ ಬಿ. ಸರೋಜಾದೇವಿ. ತಂದೆ-ಮಗನ ವಾಗ್ಯುದ್ಧದ ಹಾಡನ್ನು ಪಿ.ಬಿ. ಶ್ರೀನಿವಾಸ್ ಮತ್ತು ಸ್ವತಃ ರಾಜ್ ಹಾಡಿದರು. ಈಡಿಗ ಮನೆತನದಲ್ಲಿ ಹುಟ್ಟಿ, ಗುಬ್ಬಿ ಕಂಪನಿಯ ರಂಗದ ಮೇಲೆ ಬೆಳೆದ ನಟ ಕ್ಷತ್ರಿಯ ಪಾತ್ರಗಳನ್ನು ಇಷ್ಟು ಅಧಿಕಾರದಿಂದ ಕೈಗೆ ತೆಗೆದುಕೊಂಡದ್ದು ಸಣ್ಣ ಸಂಗತಿಯಲ್ಲ. ಆ ಗೆಲುವನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳಬೇಕು.

ದ್ವಿಪಾತ್ರವೇ ಇಲ್ಲಿನ ಸಾಕ್ಷಿ. ಮಗನ ಮುಖ ಕಂಡ ಕೂಡಲೇ ಅವನು ಯಾರ ಮಗ ಅಂತ ಪ್ರೇಕ್ಷಕರಿಗೆ ಗೊತ್ತು. ಅರ್ಜುನ ಹೀಯಾಳಿಸುವಾಗ ನಮಗೆ ಬರುವ ಸಿಟ್ಟು ‘ನಿಜವಾದ ಮಗನಿಗೆ ಹೀಗನ್ನಬಹುದೇ’ ಎಂಬ ಸಿಟ್ಟು. ಜಾತಿಯ ಅವಮಾನ ಒಂದು ತಪ್ಪು ತಿಳುವಳಿಕೆಯಾಗಿ, ತಾಯಿಯ ಶೀಲದ ಪ್ರಶ್ನೆಯಾಗಿ, ಕೊನೆಗೆ ಕುಟುಂಬದ ಅಪ್ಪುಗೆಯಲ್ಲಿ ಕರಗುತ್ತದೆ. ನಮ್ಮ ತರಗತಿಯಲ್ಲಿ ಎಸ್ಟೇಟಿನ ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳು ಕೇಳಿದಳು: “ಸಾರ್, ಅವ್ನು ನಿಜವಾಗ್ಲೂ ಬೇರೆ ಯಾರೋ ಕೂಲಿಯವನ ಮಗನೇ ಆಗಿದ್ರೆ? ಆಗ ಒದಿಯಬಹುದಿತ್ತಾ?” ಚಿತ್ರ ಕೇಳಬೇಕಾಗಿದ್ದ ಪ್ರಶ್ನೆ ಇದು.

2019ರ ‘ಕುರುಕ್ಷೇತ್ರ’ ರನ್ನನ ‘ಗದಾಯುದ್ಧ’ದ ಆಧಾರ ಹಿಡಿದು ದರ್ಶನ್ ಅವರ ದುರ್ಯೋಧನನನ್ನು ನಾಯಕನ ಜಾಗಕ್ಕೆ ತಂದಿತು. ನಾಯಕ ಬದಲಾದ, ಅರಮನೆ ಅದೇ. ಅಲ್ಲಿ ಹೆಚ್ಚು ಹೊತ್ತು ನಿಲ್ಲುವ ಅಗತ್ಯ ಕಾಣದು.

ಬೇಡನನ್ನು ನಮ್ಮ ಸಿನಿಮಾ ಒಲ್ಲೆ ಅಂದಿಲ್ಲ. 1954ರ ‘ಬೇಡರ ಕಣ್ಣಪ್ಪ’ದಿಂದಲೇ ರಾಜ್ ನಾಯಕನಾದದ್ದು. ಆದರೆ ಕಣ್ಣಪ್ಪ ಕಣ್ಣು ಕಿತ್ತು ಕೊಟ್ಟದ್ದು ಭಕ್ತಿಗೆ. ಏಕಲವ್ಯನ ಹೆಬ್ಬೆರಳು ಹಾಗಲ್ಲ, ಅದನ್ನು ಕೇಳಿ ಪಡೆದವನಿದ್ದಾನೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕನನ್ನು ಉಳಿಸಿದರು, ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಬೆರಳಿಗೆ ಲೆಕ್ಕ ಕೇಳಿದರು, ಏಕಲವ್ಯನಿಗೊಬ್ಬ ತಾಯಿಯನ್ನೂ ಕೊಟ್ಟರು.

ಈ ವಸ್ತುವನ್ನು ದೊಡ್ಡ ತೆರೆಗೆ ತರುವವರಿಗೆ ಹಳೆಯ ಉಪಾಯ ಒದಗುವುದಿಲ್ಲ. ದ್ರೋಣನಿಗೂ ಏಕಲವ್ಯನಿಗೂ ಒಂದೇ ಮುಖ ಹಚ್ಚಲಾಗದು, ಕೊನೆಗೆ ರಕ್ತಸಂಬಂಧ ಹೇಳಿ ಸಮಾಧಾನ ಮಾಡಲೂ ಆಗದು. ಬೆರಳು ಬೀಳುವ ಗಳಿಗೆಯಲ್ಲಿ ಕ್ಯಾಮೆರಾ ಗುರುವಿನ ಹೆಗಲ ಮೇಲಿಂದ ನೋಡಿದರೆ ಅದು ದಕ್ಷಿಣೆಯಾಗಿ ಕಾಣುತ್ತದೆ. ಗುಡಿಸಲ ಬಾಗಿಲಲ್ಲಿ, ತಾಯಿಯ ಪಕ್ಕದಲ್ಲಿಟ್ಟರೆ ಬೇರೆಯೇ ಕಾಣುತ್ತದೆ.