ಶಿಶುಪ್ರೇಕ್ಷಕರು ಮತ್ತು ನೃತ್ಯಸಂಯೋಜನೆ

ಮೂರು ವರ್ಷದೊಳಗಿನ ಮಕ್ಕಳನ್ನು ಪ್ರೇಕ್ಷಕರೆಂದು ಪರಿಗಣಿಸುವ ಪ್ರಯತ್ನಗಳಿಗೆ ಯುರೋಪಿನಲ್ಲಿಯೂ ದೀರ್ಘ ಇತಿಹಾಸವಿಲ್ಲ. ಇಟಲಿಯ ಬೊಲೊನ್ಯಾ ನಗರದ ‘ಲಾ ಬರಾಕ್ಕಾ’ ರಂಗತಂಡವು 1987ರಲ್ಲಿ ಹಸುಳೆಗಳಿಗಾಗಿ ರಂಗಪ್ರಯೋಗಗಳನ್ನು ಆರಂಭಿಸಿತು. ನಾರ್ವೆಯ ನೇತೃತ್ವದ ‘ಗ್ಲಿಟರ್‌ಬರ್ಡ್’ ಯೋಜನೆ (2003–2006) ಇದೇ ವಯೋಮಾನದವರಿಗಾಗಿ ನೃತ್ಯವನ್ನೂ ಕೈಗೆತ್ತಿಕೊಂಡಿತು. ಇಲ್ಲಿ ಸಂಯೋಜಕರಿಗೆ ಎದುರಾಗುವ ಮೂಲಭೂತ ಪ್ರಶ್ನೆಯೊಂದಿದೆ: ಮಗು ತಾಯಿಯ ಮಡಿಲಿನಿಂದಿಳಿದು ನರ್ತಕಿಯತ್ತ ತೆವಳಿದರೆ ಅದು ಅಡ್ಡಿಯೋ, ಪ್ರತಿಕ್ರಿಯೆಯೋ? ಪ್ರತಿಕ್ರಿಯೆಯೆಂದು ಒಪ್ಪಿದೊಡನೆ ಸಂಯೋಜನೆಯ ಸ್ವರೂಪವೇ ಬದಲಾಗುತ್ತದೆ. ಚಲನೆಗಳ ನಡುವೆ ಬಿಡುವಿರಬೇಕು. ನರ್ತಕಿ ನೆಲಮಟ್ಟಕ್ಕೆ ಇಳಿಯಬೇಕು. ಮಗುವಿನ ಕೈಬೀಸನ್ನು ತನ್ನ ಚಲನೆಯಾಗಿಸಿಕೊಂಡು ಮತ್ತೆ ಮೂಲ ವಿನ್ಯಾಸಕ್ಕೆ ಮರಳಬೇಕು. ಸಿದ್ಧಪಡಿಸಿದ್ದನ್ನು ಯಥಾವತ್ತಾಗಿ ಒಪ್ಪಿಸುವುದಕ್ಕಿಂತ ಇದು ಕಠಿಣ. ಆದರೆ ಪಾಲ್ಗೊಳ್ಳುವಿಕೆಯನ್ನು ಒತ್ತಾಯವೆಂದು ತಿಳಿಯುವ ದೋಷವೂ ಅಪರೂಪವಲ್ಲ. ಬಾಯಲ್ಲಿ ಬೆರಳಿಟ್ಟು ದಿಟ್ಟಿಸುತ್ತ ಕುಳಿತ ಕೂಸೂ ಪಾಲುಗೊಂಡಂತೆಯೇ. ಅದನ್ನು ಕೈಹಿಡಿದೆಳೆದು ಕುಣಿಸಹೊರಟರೆ ಅಳತೊಡಗಬಹುದು, ಆ ಅಳು ಪಕ್ಕದ ಮಡಿಲಿಗೆ ಹರಡಲು ಹೆಚ್ಚು ಹೊತ್ತು ಬೇಡ.